ಪದ್ಮಿನಿ ಕುದಿಯುವುದೇಕೆ: ಹಳೆಯ ಕಾರಿನ ಇಂಜಿನ್ ಕಾವಿನ ಮೂಲ ಹುಡುಕುವ ಬಗೆ

ಹಳೆಯ ಪ್ರೀಮಿಯರ್ ಪದ್ಮಿನಿಯೊಂದು ರಸ್ತೆಯ ಬದಿಯಲ್ಲಿ ಬಾನೆಟ್ ಎತ್ತಿಕೊಂಡು ಹಬೆಯಾಡುತ್ತ ನಿಂತಿದ್ದರೆ, ನೋಡಿದವರೆಲ್ಲರೂ ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ರೇಡಿಯೇಟರ್ ಹೋಗಿದೆ, ಬದಲಾಯಿಸಿ. ಈ ಸಲಹೆ ಕೆಲವೊಮ್ಮೆ ಸರಿಯಾಗಿಯೂ ಇರುತ್ತದೆ. ಆದರೆ ಇಂಜಿನ್ ಅತಿಯಾಗಿ ಕಾಯುವುದು ಜ್ವರದ ಹಾಗೆ ಒಂದು ಲಕ್ಷಣವೇ ಹೊರತು ಅದೇ ಒಂದು ರೋಗವಲ್ಲ. ಅದರ ಹಿಂದೆ ಹತ್ತಾರು ಕಾರಣಗಳಿರಬಹುದು ಮತ್ತು ಅವುಗಳಲ್ಲಿ ಅನೇಕವು ರೇಡಿಯೇಟರಿಗೆ ಸಂಬಂಧಪಟ್ಟವೇ ಅಲ್ಲ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಕಾರು ಯಾವಾಗ ಕಾಯುತ್ತದೆ ಎಂಬುದು. ಸಿಗ್ನಲಿನಲ್ಲಿ ನಿಂತಾಗಲೋ, ಹೆದ್ದಾರಿಯಲ್ಲಿ ಓಡುವಾಗಲೋ, ಘಾಟಿ ಹತ್ತುವಾಗಲೋ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಗಳಲ್ಲೋ ಎಂಬುದು ಖಚಿತವಾದರೆ ಅರ್ಧ ಕೆಲಸ ಮುಗಿದಂತೆ.

ಉದಾಹರಣೆಗೆ ಪದ್ಮಿನಿಯನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಇಟಲಿಯ ಫಿಯಟ್ 1100 ಮಾದರಿಯ ಈ ಕಾರು 1964ರಿಂದ ‘ಡಿಲೈಟ್’ ಎಂಬ ಹೆಸರಿನಲ್ಲಿಯೂ, 1970ರ ದಶಕದ ನಡುವಿನಿಂದ ಪದ್ಮಿನಿ ಎಂಬ ಹೆಸರಿನಲ್ಲಿಯೂ ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಲ್ಲಿ ತಯಾರಾಗಿ, ಮೂರೂವರೆ ದಶಕಗಳ ಕಾಲ ನಮ್ಮ ರಸ್ತೆಗಳಲ್ಲಿ ಓಡಿತು. ಅದರ 1089 ಸಿಸಿ ಇಂಜಿನ್ ಸರಳವಾದದ್ದು: ಸಾಲಾಗಿ ನಾಲ್ಕು ಸಿಲಿಂಡರ್, ಬೀಡು ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್, ಮುಂದುಗಡೆ ಹಿತ್ತಾಳೆ-ತಾಮ್ರದ ರೇಡಿಯೇಟರ್, ಇಂಜಿನ್ನೇ ಬೆಲ್ಟಿನ ಮೂಲಕ ತಿರುಗಿಸುವ ಫ್ಯಾನ್ ಮತ್ತು ವಾಟರ್ ಪಂಪ್. ಸೆನ್ಸರ್‌ಗಳಿಲ್ಲ, ಕಂಪ್ಯೂಟರ್ ಇಲ್ಲ. ಕೈಯಿಂದ ಮುಟ್ಟಿ, ಕಣ್ಣಿನಿಂದ ನೋಡಿ, ಒಂದೆರಡು ಅಗ್ಗದ ಉಪಕರಣಗಳಿಂದ ಅಳೆದು ತಿಳಿಯಲಾಗದ ಭಾಗ ಇದರಲ್ಲಿ ಬಹುತೇಕ ಯಾವುದೂ ಇಲ್ಲ.

ಮೊದಲಿಗೆ ಶಾಖದ ಲೆಕ್ಕವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಪೆಟ್ರೋಲ್ ಉರಿದಾಗ ಹೊರಬರುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ ಚಕ್ರಗಳನ್ನು ತಿರುಗಿಸಲು ಬಳಕೆಯಾಗುತ್ತದೆ. ಅಷ್ಟೇ ಪಾಲು ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಉಳಿದದ್ದರಲ್ಲಿ ಬಹುಭಾಗ ತಣಿಸುವ ನೀರಿಗೆ ಸೇರುತ್ತದೆ. ಸುಮಾರು 40 ಅಶ್ವಶಕ್ತಿಯ ಇಂಜಿನ್ ಪೂರ್ಣ ಬಲದಲ್ಲಿ ದುಡಿಯುವಾಗ ನೀರಿಗೆ ಸೇರುವ ಶಾಖವೂ ಹತ್ತಿರಹತ್ತಿರ 30 ಕಿಲೋವ್ಯಾಟ್, ಅಂದರೆ ಬಚ್ಚಲುಮನೆಯ 2 ಕಿಲೋವ್ಯಾಟಿನ ಗೀಸರ್‌ಗಳು ಹದಿನೈದು ಒಟ್ಟಿಗೆ ಉರಿದಷ್ಟು. ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ತೊಟ್ಟಿಗಳ ನಡುವೆ 8 ಡಿಗ್ರಿ ವ್ಯತ್ಯಾಸವಿಟ್ಟುಕೊಂಡು ಇಷ್ಟು ಶಾಖವನ್ನು ಸಾಗಿಸಬೇಕಾದರೆ ನಿಮಿಷಕ್ಕೆ 50 ಲೀಟರಿಗೂ ಹೆಚ್ಚು ನೀರು ಸುತ್ತಬೇಕು. ಈ ಲೆಕ್ಕದಿಂದ ಮೂರು ಬಗೆಯ ದೋಷಗಳು ತಾವಾಗಿಯೇ ಬೇರ್ಪಡುತ್ತವೆ: ಇಂಜಿನ್ ಇರಬೇಕಾದದ್ದಕ್ಕಿಂತ ಹೆಚ್ಚು ಶಾಖವನ್ನು ಹುಟ್ಟಿಸುತ್ತಿರಬಹುದು, ನೀರು ಅದನ್ನು ಸಾಗಿಸದೇ ಇರಬಹುದು, ಇಲ್ಲವೇ ರೇಡಿಯೇಟರ್ ಅದನ್ನು ಗಾಳಿಗೆ ಬಿಟ್ಟುಕೊಡದೇ ಇರಬಹುದು.

ಇವಕ್ಕೂ ಮುಂಚೆ ಇನ್ನೊಂದು ಸಾಧ್ಯತೆಯನ್ನು ತಳ್ಳಿಹಾಕಬೇಕು. ಕಾರು ನಿಜವಾಗಿಯೂ ಕಾಯುತ್ತಿದೆಯೇ, ಅಥವಾ ಮೀಟರ್ ಸುಳ್ಳು ಹೇಳುತ್ತಿದೆಯೇ? ಹಳೆಯ ಕಾರುಗಳಲ್ಲಿ ನೀರಿನ ತಾಪವನ್ನು ಮೀಟರಿಗೆ ತಿಳಿಸುವ ಸೆಂಡರ್ ಹಲವು ಬಾರಿ ಬದಲಾಗಿರುತ್ತದೆ, ಹೊಸ ಸೆಂಡರಿಗೂ ಹಳೆಯ ಮೀಟರಿಗೂ ಹೊಂದಾಣಿಕೆ ಇರುವುದಿಲ್ಲ. ಹೆಡ್‌ಲೈಟ್ ಹಾಕಿದೊಡನೆ ಮುಳ್ಳು ಜಿಗಿದರೆ ಅದು ಇಂಜಿನ್ನಿನ ಕಾವಲ್ಲ, ಅರ್ಥಿಂಗಿನ ದೋಷ. ಈ ಅನುಮಾನವನ್ನು ಪರಿಹರಿಸಿಕೊಳ್ಳಲು ದೂರದಿಂದ ತಾಪ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಸಾಕು. ಆದರೆ ಹೊಳೆಯುವ ಹಿತ್ತಾಳೆ ಅಥವಾ ಬರಿಯ ಅಲ್ಯೂಮಿನಿಯಂ ಮೇಲೆ ಅದನ್ನು ಹಿಡಿದರೆ ನಿಜವಾದದ್ದಕ್ಕಿಂತ ಬಹಳ ಕಡಿಮೆ ತಾಪ ತೋರಿಸುತ್ತದೆ. ಅಳೆಯಬೇಕಾದ ಜಾಗದಲ್ಲಿ ಕಪ್ಪು ಬಣ್ಣದ ಒಂದು ಚುಕ್ಕೆ ಹಚ್ಚಿಕೊಂಡು ಅಲ್ಲಿಯೇ ಪ್ರತಿ ಸಲವೂ ಅಳೆಯಬೇಕು.

ಬೇಸಿಗೆಯಲ್ಲಿ ಪದ್ಮಿನಿ ಟ್ರಾಫಿಕ್ಕಿನಲ್ಲಿ ನಿಂತುಹೋಗಿ ಮತ್ತೆ ಸ್ಟಾರ್ಟ್ ಆಗದಿದ್ದರೆ ಅದನ್ನೂ ಜನ ‘ಹೀಟ್ ಆಗಿದೆ’ ಎಂದೇ ಕರೆಯುತ್ತಾರೆ. ನೀರು ಕುದಿಯದೆ, ಮುಳ್ಳು ಕೆಂಪಿಗೆ ಹೋಗದೆ ಹೀಗಾದರೆ ಅದು ಬೇರೆಯೇ ತೊಂದರೆ: ಇಂಜಿನ್ನಿನ ಪಕ್ಕದಲ್ಲಿರುವ, ನಮ್ಮ ಮೆಕ್ಯಾನಿಕ್ಕುಗಳು ಎ.ಸಿ. ಪಂಪ್ ಎಂದು ಕರೆಯುವ ಪೆಟ್ರೋಲ್ ಪಂಪಿನಲ್ಲಿ ಇಂಧನವೇ ಆವಿಯಾಗಿ, ಪಂಪ್ ಆವಿಯನ್ನು ಎಳೆಯಲಾರದೆ ಕಾರ್ಬ್ಯುರೇಟರ್ ಬರಿದಾಗಿರುತ್ತದೆ. ಹಳೆಯ ಚಾಲಕರು ಆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದದ್ದು ಇದಕ್ಕಾಗಿಯೇ, ಮತ್ತು ಅದು ಕೆಲಸ ಮಾಡುತ್ತಿದ್ದದ್ದೂ ನಿಜ. ಇದಕ್ಕೆ ರೇಡಿಯೇಟರ್ ಬದಲಾಯಿಸಿದವರಿದ್ದಾರೆ.

ಕಾವು ನಿಜವೆಂದು ಖಚಿತವಾದ ಮೇಲೆ ಮೊದಲಿನ ಪ್ರಶ್ನೆಗೆ ಬರಬಹುದು. ಸಿಗ್ನಲಿನಲ್ಲಿ, ನಿಧಾನದ ಟ್ರಾಫಿಕ್ಕಿನಲ್ಲಿ ಮುಳ್ಳು ಏರಿ, ರಸ್ತೆ ತೆರವಾಗಿ ಕಾರು ಓಡತೊಡಗಿದೊಡನೆ ಇಳಿಯುತ್ತಿದ್ದರೆ ನೀರಿನ ಸುತ್ತಾಟ ಬಹುಮಟ್ಟಿಗೆ ಸರಿಯಿದೆ, ಗಾಳಿ ಸಾಲದು ಎಂದರ್ಥ. ಮಾರುತಿ 800ರಂತಹ ನಂತರದ ಕಾರುಗಳಲ್ಲಿ ಫ್ಯಾನ್ ವಿದ್ಯುತ್ತಿನಿಂದ ತಿರುಗುವುದರಿಂದ ಅಲ್ಲಿ ಫ್ಯೂಸ್, ಥರ್ಮೋ ಸ್ವಿಚ್, ಮೋಟಾರ್‌ಗಳನ್ನು ಪರೀಕ್ಷಿಸಬೇಕು. ಪದ್ಮಿನಿಯಲ್ಲಿ ಫ್ಯಾನಿನ ವೇಗ ಇಂಜಿನ್ನಿನ ವೇಗಕ್ಕೆ ಕಟ್ಟುಬಿದ್ದಿರುವುದರಿಂದ, ಐಡ್ಲಿಂಗಿನಲ್ಲಿ ಗಾಳಿ ಅತ್ಯಂತ ಕಡಿಮೆ ಇರುತ್ತದೆ. ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಒಂದು ಸೆಂಟಿಮೀಟರಿನಷ್ಟು ಬಗ್ಗಿದರೆ ಸರಿ; ಅದಕ್ಕಿಂತ ಬಹಳ ಹೆಚ್ಚು ಬಗ್ಗಿದರೆ ಅಥವಾ ಬೆಲ್ಟಿನ ಬದಿಗಳು ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ. ಪೇಂಟ್ ಮಾಡಿಸುವಾಗ ಬಿಚ್ಚಿದ ಫ್ಯಾನನ್ನು ಹಿಂದುಮುಂದಾಗಿ ಕೂರಿಸಿರುವುದೂ ಉಂಟು. ರೇಡಿಯೇಟರಿನ ತೆಳು ರೆಕ್ಕೆಗಳ ನಡುವೆ ಸೇರಿಕೊಂಡ ಹುಳು, ಧೂಳು, ಎಣ್ಣೆಜಿಡ್ಡು, ಮುಂದೆ ಅಲಂಕಾರಕ್ಕೆಂದು ಸಿಕ್ಕಿಸಿದ ದೊಡ್ಡ ಫಾಗ್ ಲ್ಯಾಂಪುಗಳು, ಯಾರೋ ಹೊರಗಿನಿಂದ ಕೂರಿಸಿದ ಎ.ಸಿ.ಯ ಕಂಡೆನ್ಸರ್, ಇವೆಲ್ಲವೂ ಗಾಳಿಯ ದಾರಿಗೆ ಅಡ್ಡ ನಿಲ್ಲುತ್ತವೆ.

ಇದಕ್ಕೆ ವಿರುದ್ಧವಾಗಿ ಊರೊಳಗೆ ಸರಿಯಿದ್ದು, ಹೆದ್ದಾರಿಯಲ್ಲಿ ಗಂಟೆಗೆ 70–80 ಕಿಲೋಮೀಟರ್ ವೇಗದಲ್ಲಿ ಮುಳ್ಳು ಮೆಲ್ಲಮೆಲ್ಲಗೆ ಏರುತ್ತ ಹೋದರೆ, ಗಾಳಿ ಧಾರಾಳವಾಗಿ ಸಿಗುತ್ತಿದೆ, ನೀರು ಮಾತ್ರ ಬೇಕಾದಷ್ಟು ಸುತ್ತುತ್ತಿಲ್ಲ ಎಂದು ಊಹಿಸಬೇಕು. ರೇಡಿಯೇಟರಿನ ಕೊಳವೆಗಳು ಕಟ್ಟಿರಬಹುದು, ಪಂಪಿನೊಳಗೆ ನೀರನ್ನು ತಳ್ಳುವ ಇಂಪೆಲ್ಲರ್ ತುಕ್ಕು ತಿಂದು ಸವೆದಿರಬಹುದು, ಇಂಜಿನ್ ಬಿಸಿಯಾದ ಮೇಲಷ್ಟೇ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟವಾದ ಥರ್ಮೋಸ್ಟಾಟ್ ಅರ್ಧ ಮಾತ್ರ ತೆರೆಯುತ್ತಿರಬಹುದು. ಬಹಳ ಜನರ ಕಣ್ಣಿಗೆ ಬೀಳದ ಇನ್ನೊಂದು ಕಾರಣ ಕೆಳಗಿನ ಹೋಸ್. ಅದು ಪಂಪ್ ನೀರನ್ನು ಎಳೆದುಕೊಳ್ಳುವ ಬದಿ. ಹಳೆಯದಾಗಿ ಮೆತ್ತಗಾದ ರಬ್ಬರ್ ಹೆಚ್ಚಿನ ವೇಗದಲ್ಲಿ ಒಳಕ್ಕೆ ಹೀರಲ್ಪಟ್ಟು ಚಪ್ಪಟೆಯಾಗುತ್ತದೆ, ಕಾರು ನಿಲ್ಲಿಸಿ ಬಾನೆಟ್ ಎತ್ತುವಷ್ಟರಲ್ಲಿ ಮತ್ತೆ ಮೊದಲಿನ ಆಕಾರಕ್ಕೆ ಬಂದಿರುತ್ತದೆ. ಇನ್ನೊಬ್ಬರಿಂದ ಆಕ್ಸಿಲರೇಟರ್ ಒತ್ತಿಸಿ ಹೋಸನ್ನು ಗಮನಿಸಿದರೆ ಮಾತ್ರ ಗೊತ್ತಾಗುತ್ತದೆ.

ಘಾಟಿಯ ವಿಚಾರ ಬೇರೆ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಎರಡನೆಯ ಗೇರಿನಲ್ಲಿ ಹತ್ತುವಾಗ ಇಂಜಿನ್ ಪೂರ್ಣ ಬಲದಲ್ಲಿ ದುಡಿಯುತ್ತಿರುತ್ತದೆ, ಕಾರು ಮಾತ್ರ ಗಂಟೆಗೆ 25 ಕಿಲೋಮೀಟರಿನಲ್ಲಿ ಚಲಿಸುತ್ತಿರುತ್ತದೆ. ಶಾಖ ಅತಿ ಹೆಚ್ಚು, ಎದುರು ಗಾಳಿ ಅತಿ ಕಡಿಮೆ. ಬೇರೆಲ್ಲಿಯೂ ಕಾಯದ ಕಾರು ಘಾಟಿಯಲ್ಲಿ ಮಾತ್ರ ಕಾದರೆ ಒಂದೇ ದೊಡ್ಡ ದೋಷವನ್ನು ಹುಡುಕುವುದಕ್ಕಿಂತ, ಇಡೀ ವ್ಯವಸ್ಥೆಯ ಶಕ್ತಿ ಸ್ವಲ್ಪಸ್ವಲ್ಪವಾಗಿ ಕುಂದಿದೆ ಎಂದು ತಿಳಿಯುವುದು ಸರಿ. ಹೊರಗಿನ ಹವೆಯ ಪಾಲೂ ಇದರಲ್ಲಿದೆ. ರೇಡಿಯೇಟರ್ ಬಿಡುವ ಶಾಖ ನೀರಿಗೂ ಗಾಳಿಗೂ ನಡುವಿನ ತಾಪದ ಅಂತರವನ್ನು ಅವಲಂಬಿಸಿದೆ. ನೀರು 90 ಡಿಗ್ರಿಯಲ್ಲಿರುವಾಗ, 20 ಡಿಗ್ರಿಯ ಮಡಿಕೇರಿಯ ಬೆಳಗಿನಲ್ಲಿ ಆ ಅಂತರ 70. 42 ಡಿಗ್ರಿಯ ಕಲಬುರಗಿಯ ಮೇ ತಿಂಗಳ ಮಧ್ಯಾಹ್ನದಲ್ಲಿ 48. ಅದೇ ರೇಡಿಯೇಟರ್ ಅಲ್ಲಿ ಸುಮಾರು ಮೂರನೆಯ ಒಂದರಷ್ಟು ಕಡಿಮೆ ಶಾಖವನ್ನು ಬಿಡುತ್ತದೆ. ಡಿಸೆಂಬರಿನಲ್ಲಿ ಆರೋಗ್ಯವಾಗಿ ಕಂಡ ಕಾರು ಏಪ್ರಿಲಿನಲ್ಲಿ ಕುದಿಯುವುದಕ್ಕೆ ಹೊಸ ದೋಷವೇನೂ ಹುಟ್ಟಬೇಕಾಗಿಲ್ಲ.

ಎತ್ತರದ ಊರುಗಳಲ್ಲಿ ಇನ್ನೊಂದು ತೊಡಕಿದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೇ ಕುದಿಯುತ್ತದೆ. ಊಟಿಯಲ್ಲಿ 93ಕ್ಕೂ ಮೊದಲೇ. ಇದನ್ನು ಸರಿದೂಗಿಸುವುದು ರೇಡಿಯೇಟರಿನ ಒತ್ತಡದ ಕ್ಯಾಪ್. ಅರ್ಧ ಬಾರ್ ಒತ್ತಡವನ್ನು ಹಿಡಿದಿಡುವ ಕ್ಯಾಪ್ ಇದ್ದರೆ ಸಮುದ್ರಮಟ್ಟದಲ್ಲಿ ಕುದಿಯುವ ಬಿಂದು 111 ಡಿಗ್ರಿಯವರೆಗೆ ಏರುತ್ತದೆ. ಕ್ಯಾಪಿನ ರಬ್ಬರ್ ಗಟ್ಟಿಯಾಗಿ ಬಿರುಕುಬಿಟ್ಟಿದ್ದರೆ ಅಥವಾ ಸ್ಪ್ರಿಂಗ್ ಸೋತಿದ್ದರೆ ಈ ರಕ್ಷಣೆ ಇಲ್ಲವಾಗಿ, ಉಳಿದೆಲ್ಲ ಸರಿಯಿದ್ದರೂ ನೀರು ಓವರ್‌ಫ್ಲೋ ಕೊಳವೆಯಿಂದ ಚೆಲ್ಲುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅಗ್ಗದ ಭಾಗ ಇದು. ಅನುಮಾನವಿದ್ದರೆ ಕಾರಿಗೆ ಸೂಚಿಸಿರುವ ಒತ್ತಡದ್ದೇ ಹೊಸದನ್ನು ಹಾಕಬೇಕು, ಅದಕ್ಕಿಂತ ಹೆಚ್ಚಿನದನ್ನು ಹಾಕಿದರೆ ಬೆಸುಗೆಯ ಹಳೆಯ ರೇಡಿಯೇಟರ್ ಸೀಳುತ್ತದೆ. ಬಿಸಿಯಿರುವಾಗ ಈ ಕ್ಯಾಪ್ ತೆರೆಯಬಾರದು ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು: ಒತ್ತಡ ಬಿಟ್ಟ ಕ್ಷಣವೇ ಒಳಗಿನ ನೀರು ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ.

ನಮ್ಮ ಹಳೆಯ ಕಾರುಗಳ ವಿಷಯದಲ್ಲಿ ನಾನು ಅತಿ ಹೆಚ್ಚು ಅನುಮಾನಪಡುವುದು ನೀರನ್ನೇ. ದಶಕಗಳ ಕಾಲ ಪೆಟ್ರೋಲ್ ಬಂಕಿನ ನಲ್ಲಿಯಿಂದಲೋ, ಹೋಟೆಲಿನ ಹಿಂದಿನ ಬೋರ್‌ವೆಲ್ಲಿನಿಂದಲೋ ತಂದು ಸುರಿದ ಗಡಸು ನೀರು ಬಿಸಿಯಾದಾಗಲೆಲ್ಲ ಸ್ವಲ್ಪ ಸುಣ್ಣವನ್ನು ಗೋಡೆಗಳ ಮೇಲೆ ಬಿಟ್ಟುಹೋಗುತ್ತದೆ. ಬೀಡಿನ ಬ್ಲಾಕ್ ತನ್ನ ಪಾಲಿನ ತುಕ್ಕನ್ನು ಸೇರಿಸುತ್ತದೆ. ಸುಣ್ಣದ ಪದರ ಬೀಡಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಕಳಪೆಯಾಗಿ ಶಾಖವನ್ನು ಸಾಗಿಸುವುದರಿಂದ, ಒಂದು ಮಿಲಿಮೀಟರ್ ದಪ್ಪದ ಪದರವೇ ಎರಡು ಸೆಂಟಿಮೀಟರ್ ಹೆಚ್ಚುವರಿ ಲೋಹಕ್ಕಿಂತ ದೊಡ್ಡ ತಡೆಯಾಗುತ್ತದೆ. ಕೆಸರಿನಂತಹ ಕಿಟ್ಟ ಪಂಪಿನಿಂದ ದೂರವಿರುವ, ಹರಿವು ನಿಧಾನವಾಗಿರುವ ಹಿಂದಿನ ಸಿಲಿಂಡರಿನ ಸುತ್ತ ತಳದಲ್ಲಿ ಕೂರುತ್ತದೆ. ಹಾಗಾದಾಗ ಮುಂದಿರುವ ಮೀಟರ್ 85 ಎಂದು ತೋರಿಸುತ್ತಿರುವಾಗಲೇ ನಾಲ್ಕನೆಯ ಸಿಲಿಂಡರಿನ ಬಳಿ ನೀರು ಒಳಗೊಳಗೇ ಕುದಿಯುತ್ತಿರಬಹುದು. ಬ್ಲಾಕಿನ ಡ್ರೈನ್ ನಲ್ಲಿಯನ್ನು ತೆರೆದು ನೋಡಿ. ಏನೂ ಬರದಿದ್ದರೆ ‘ಒಳಗೆ ನೀರಿಲ್ಲ’ ಎಂದುಕೊಳ್ಳಬಾರದು, ರಂಧ್ರವೇ ಕಟ್ಟಿದೆ ಎಂದು ತಿಳಿಯಬೇಕು. ತಂತಿಯಿಂದ ಚುಚ್ಚಿದರೆ ಕಂದು ಕೆಸರು ಇಳಿಯತೊಡಗುತ್ತದೆ. ಅಷ್ಟು ಕಟ್ಟಿರುವ ಬ್ಲಾಕನ್ನು ಬಾಟಲಿಯ ಫ್ಲಶ್ ದ್ರಾವಣ ಶುದ್ಧಮಾಡಲಾರದು. ಬದಿಯ ರಂಧ್ರಗಳನ್ನು ಮುಚ್ಚಿರುವ ಲೋಹದ ಬಿಲ್ಲೆಗಳಾದ ವೆಲ್ಶ್ ಪ್ಲಗ್‌ಗಳನ್ನು ತೆಗೆದು ಕೆರೆದು, ಹರಿವಿನ ವಿರುದ್ಧ ದಿಕ್ಕಿನಲ್ಲಿ ನೀರು ಹಾಯಿಸಿ ತೊಳೆಯಬೇಕು.

ರೇಡಿಯೇಟರನ್ನು ದೂಷಿಸುವುದಾದರೆ ಅಳತೆಯ ಆಧಾರದ ಮೇಲೆ ದೂಷಿಸಬೇಕು. ಕಾರನ್ನು ಚೆನ್ನಾಗಿ ಓಡಿಸಿ ಬಂದು, ಇಂಜಿನ್ನನ್ನು ಮಧ್ಯಮ ವೇಗದಲ್ಲಿಟ್ಟು, ಮೇಲಿನ ತೊಟ್ಟಿಯ ಮತ್ತು ಕೆಳಗಿನ ತೊಟ್ಟಿಯ ತಾಪವನ್ನು ಅಳೆಯಿರಿ. ಎರಡೂ ಬಹುತೇಕ ಒಂದೇ ಸಮನಾಗಿ ಬಿಸಿಯಿದ್ದು ಇಂಜಿನ್ ಕಾಯುತ್ತಿದ್ದರೆ ನೀರು ಓಡುತ್ತಿದೆ, ಶಾಖ ಹೊರಹೋಗುತ್ತಿಲ್ಲ. ಫ್ಯಾನ್ ಮತ್ತು ರೆಕ್ಕೆಗಳನ್ನು ನೋಡಬೇಕು. ಮೇಲಿನದು ಕುದಿಯುವ ಹಾಗಿದ್ದು ಕೆಳಗಿನದು 20–25 ಡಿಗ್ರಿ ತಣ್ಣಗಿದ್ದರೆ ಗಾಳಿಯ ಕೆಲಸ ಸರಿಯಿದೆ, ಹರಿವು ಕುಂಠಿತವಾಗಿದೆ. ಪಂಪ್, ಥರ್ಮೋಸ್ಟಾಟ್ ಮತ್ತು ಕೊಳವೆಗಳನ್ನು ನೋಡಬೇಕು. ರೇಡಿಯೇಟರಿನ ಮುಖದ ಮೇಲೆ ಎಡದಿಂದ ಬಲಕ್ಕೆ ಅಳೆಯುತ್ತ ಹೋದಾಗ ನಡುವೆ ಉದ್ದುದ್ದ ತಣ್ಣನೆಯ ಪಟ್ಟಿಗಳು ಸಿಕ್ಕರೆ ಅಲ್ಲಿಯ ಕೊಳವೆಗಳು ಮುಚ್ಚಿಹೋಗಿವೆ ಎಂಬುದರಲ್ಲಿ ಸಂಶಯವಿಲ್ಲ. ಹಿತ್ತಾಳೆಯ ರೇಡಿಯೇಟರ್ ಎಸೆಯುವ ವಸ್ತುವಲ್ಲ. ತೊಟ್ಟಿಗಳನ್ನು ಬಿಚ್ಚಿ, ಕೊಳವೆಗಳಿಗೆ ಸಲಾಕೆ ಹಾಯಿಸಿ ಶುದ್ಧಮಾಡುವ, ಅಥವಾ ಹಳೆಯ ತೊಟ್ಟಿಗಳಿಗೇ ಹೊಸ ಕೋರ್ ಬೆಸೆಯುವ ರೇಡಿಯೇಟರ್ ಅಂಗಡಿಗಳು ಇನ್ನೂ ಇವೆ.

ಥರ್ಮೋಸ್ಟಾಟಿನ ಕುರಿತು ಎರಡು ತಪ್ಪು ನಂಬಿಕೆಗಳು ಎದುರುಬದುರಾಗಿ ನಿಂತಿವೆ. ನಮ್ಮಲ್ಲಿ ಚಳಿಯೇ ಇಲ್ಲ, ಅದನ್ನು ಕಿತ್ತೆಸೆದರೆ ಕಾರು ತಣ್ಣಗಿರುತ್ತದೆ ಎಂದು ಒಂದು ಪಕ್ಷ. ಕಿತ್ತರೆ ನೀರು ವೇಗವಾಗಿ ಓಡಿ ರೇಡಿಯೇಟರಿನಲ್ಲಿ ತಣಿಯಲು ಸಮಯವೇ ಸಿಗುವುದಿಲ್ಲ ಎಂದು ಇನ್ನೊಂದು. ಎರಡನೆಯ ವಾದ ಭೌತಶಾಸ್ತ್ರಕ್ಕೆ ಒಪ್ಪುವಂಥದ್ದಲ್ಲ. ಅದೇ ನೀರು ಮತ್ತೆ ಮತ್ತೆ ಸುತ್ತಿ ಬರುವುದರಿಂದ ರೇಡಿಯೇಟರಿನಲ್ಲಿ ಕಳೆಯುವ ಒಟ್ಟು ಸಮಯ ಬದಲಾಗುವುದಿಲ್ಲ, ಹರಿವು ಹೆಚ್ಚಿದಷ್ಟೂ ಶಾಖದ ವರ್ಗಾವಣೆ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಆದರೂ ಕಿತ್ತೆಸೆಯುವುದು ತಪ್ಪು, ಕಾರಣಗಳು ಬೇರೆ. ಥರ್ಮೋಸ್ಟಾಟ್ ಒಡ್ಡುವ ತಡೆಯಿಂದ ಬ್ಲಾಕಿನೊಳಗೆ ಒತ್ತಡ ಉಳಿದು, ಹೆಡ್ಡಿನ ಅತಿ ಬಿಸಿಯಾದ ಮೂಲೆಗಳಲ್ಲಿ ಹಬೆಯ ಗುಳ್ಳೆಗಳೇಳುವುದು ತಪ್ಪುತ್ತದೆ. ಅದಿಲ್ಲದ ಇಂಜಿನ್ ಬೆಳಗಿನ ಹೊತ್ತು ಬಹಳ ಕಾಲ ತಣ್ಣಗೇ ಓಡಿ, ಪೆಟ್ರೋಲ್ ಹೆಚ್ಚು ಕುಡಿದು, ಎಣ್ಣೆಯಲ್ಲಿ ನೀರಿನಂಶ ಉಳಿದು, ಸಿಲಿಂಡರ್ ಬೇಗ ಸವೆಯುತ್ತದೆ. ಇನ್ನೂ ಮುಖ್ಯವಾಗಿ, ಕಿತ್ತ ಮೇಲೆ ಕಾರು ಸ್ವಲ್ಪ ತಣ್ಣಗಾದರೆ ಅಸಲಿ ದೋಷ ಮರೆಯಾಗಿ ಬೆಳೆಯುತ್ತ ಹೋಗುತ್ತದೆ. ಅದನ್ನು ಪರೀಕ್ಷಿಸುವುದು ಸುಲಭ: ಪಾತ್ರೆಯ ನೀರಿನಲ್ಲಿ ತಳಕ್ಕೆ ತಾಗದಂತೆ ದಾರದಲ್ಲಿ ತೂಗುಬಿಟ್ಟು ಕಾಯಿಸುತ್ತ, ಅದರ ಮೇಲೆ ಮುದ್ರಿಸಿರುವ ಡಿಗ್ರಿಯ ಆಸುಪಾಸಿನಲ್ಲಿ ತೆರೆಯತೊಡಗಿ, ನೀರು ಕುದಿಯುವಷ್ಟರಲ್ಲಿ ಪೂರ್ತಿ ತೆರೆಯುತ್ತದೆಯೇ ಎಂದು ನೋಡಬೇಕು.

ನೀರು, ಗಾಳಿ ಎರಡೂ ಸರಿಯಿದ್ದು ಕಾರು ಕಾಯುತ್ತಿದ್ದರೆ ಶಾಖವೇ ಹೆಚ್ಚು ಹುಟ್ಟುತ್ತಿದೆ. ಇಲ್ಲಿ ಮೊದಲ ಆರೋಪಿ ಇಗ್ನಿಷನ್ ಟೈಮಿಂಗ್, ಅಂದರೆ ಸಿಲಿಂಡರಿನಲ್ಲಿ ಕಿಡಿ ಹಾರುವ ಸಮಯ. ಡಿಸ್ಟ್ರಿಬ್ಯೂಟರಿನೊಳಗೆ ತೆರೆದುಕೊಂಡು ಕಿಡಿ ಹಾರಿಸುವ ಸಿ.ಬಿ. ಪಾಯಿಂಟಿನ ಫೈಬರ್ ಹಿಮ್ಮಡಿ ಸವೆದಂತೆಲ್ಲ ಪಾಯಿಂಟಿನ ಅಂತರ ಕಿರಿದಾಗಿ, ಕಿಡಿ ತಡವಾಗಿ ಹಾರುತ್ತದೆ. ತಡವಾಗಿ ಹೊತ್ತಿಕೊಂಡ ಮಿಶ್ರಣ ಪಿಸ್ಟನ್ ಇಳಿಯುತ್ತಿರುವಾಗಲೂ ಉರಿಯುತ್ತಿದ್ದು, ಅದರ ಬಿಸಿಯನ್ನು ಸಿಲಿಂಡರಿನ ಗೋಡೆಗಳೂ ಎಕ್ಸಾಸ್ಟ್ ವಾಲ್ವೂ ನುಂಗಬೇಕಾಗುತ್ತದೆ. ಕಾರಿನ ಎಳೆತ ಕುಗ್ಗಿರುವುದು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ವಿಪರೀತ ಕಾಯುವುದು ಇದರ ಜೊತೆಯ ಚಿಹ್ನೆಗಳು. ಇಂಜಿನ್ನಿನ ವೇಗ ಹೆಚ್ಚಿದಂತೆ ಕಿಡಿಯನ್ನು ಇನ್ನಷ್ಟು ಮುಂಚೆ ಹಾರಿಸುವ, ಡಿಸ್ಟ್ರಿಬ್ಯೂಟರಿನೊಳಗಿನ ತೂಕಗಳು ಜಿಡ್ಡುಗಟ್ಟಿ ಅಂಟಿಕೊಂಡಿದ್ದರೂ ಫಲಿತಾಂಶ ಇದೇ. ಐಡ್ಲಿಂಗಿನಲ್ಲಿ ಟೈಮಿಂಗ್ ಸರಿಯಾಗಿ ಕಂಡು ವೇಗದಲ್ಲಿ ಮಾತ್ರ ತಪ್ಪುವುದರಿಂದ, ಟೈಮಿಂಗ್ ಲೈಟನ್ನು ಎರಡೂ ಸ್ಥಿತಿಯಲ್ಲಿ ಹಿಡಿಯಬೇಕು.

ಎರಡನೆಯದು ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾದ ಮಿಶ್ರಣ. ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ ಸೋರುವುದರಿಂದ, ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಸಣ್ಣ ರಂಧ್ರವಾದ ಜೆಟ್ಟಿನಲ್ಲಿ ಕಸ ಸಿಕ್ಕಿರುವುದರಿಂದ ಹೀಗಾಗುತ್ತದೆ. ಈಗ ಇದಕ್ಕೆ ಹೊಸದೊಂದು ಅಂಶ ಸೇರಿಕೊಂಡಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ಪಡೆದ, ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ ಪೂರ್ಣವಾಗಿ ಉರಿಯಲು ಬೇಕಾದ ಗಾಳಿ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇಕಡಾ 8ರಷ್ಟು ಕಡಿಮೆ. ಕಂಪ್ಯೂಟರ್ ಇರುವ ಕಾರು ಇದನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಹಳೆಯ ಜೆಟ್ಟಿನ ಕಾರ್ಬ್ಯುರೇಟರಿಗೆ ಆ ಅರಿವಿಲ್ಲ, ಮಿಶ್ರಣ ಅಷ್ಟರಮಟ್ಟಿಗೆ ತೆಳುವಾಗುತ್ತದೆ. ಕುದಿಯುವ ಪ್ರತಿಯೊಂದು ಕಾರಿಗೂ ಎಥೆನಾಲನ್ನೇ ದೂರುವುದು ಸರಿಯಲ್ಲ, ಆದರೆ ಸ್ಪಾರ್ಕ್ ಪ್ಲಗ್ಗುಗಳ ತುದಿ ಸುಣ್ಣದಂತೆ ಬೆಳ್ಳಗಾಗಿದ್ದರೆ ಜೆಟ್ಟಿನ ಅಳತೆಯನ್ನು ಮರುಪರಿಶೀಲಿಸಬೇಕು. ಬಿಗಿಹಿಡಿದ ಬ್ರೇಕ್ ಡ್ರಮ್ಮನ್ನೂ ಮರೆಯಬಾರದು, ಅದನ್ನು ಎಳೆಯಲು ಇಂಜಿನ್ ಹೆಚ್ಚು ದುಡಿಯಬೇಕಾಗುತ್ತದೆ. ಓಡಿಸಿ ಬಂದು ನಾಲ್ಕು ಚಕ್ರಗಳ ಬಳಿ ಕೈ ಹಿಡಿದರೆ ಯಾವುದು ಹೆಚ್ಚು ಕಾದಿದೆ ಎಂದು ತಿಳಿಯುತ್ತದೆ.

ಕೊನೆಗೆ ಎಲ್ಲರೂ ಹೆದರುವ, ಬ್ಲಾಕಿಗೂ ಹೆಡ್ಡಿಗೂ ನಡುವಿನ ಸಂದನ್ನು ಮುಚ್ಚುವ ಹೆಡ್ ಗ್ಯಾಸ್ಕೆಟ್. ಅಲ್ಯೂಮಿನಿಯಂ ಬೀಡಿಗಿಂತ ಎರಡು ಪಟ್ಟು ಹಿಗ್ಗುವುದರಿಂದ, ಒಮ್ಮೆ ಚೆನ್ನಾಗಿ ಕುದಿದ ಪದ್ಮಿನಿಯ ಹೆಡ್ ಸೊಟ್ಟಗಾಗುವ ಸಂಭವ ಹೆಚ್ಚು. ಹೀಗಾಗಿ ಗ್ಯಾಸ್ಕೆಟ್ ಹೋಗುವುದು ಕಾವಿಗೆ ಕಾರಣವೂ ಹೌದು, ಪರಿಣಾಮವೂ ಹೌದು. ತಣ್ಣನೆಯ ಇಂಜಿನ್ನಿನಲ್ಲಿ ಕ್ಯಾಪ್ ತೆಗೆದು, ನೀರು ತುಂಬಿ, ಸ್ಟಾರ್ಟ್ ಮಾಡಿ ನೋಡಿದಾಗ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ, ಅಥವಾ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲಿ, ನೀರು ಇನ್ನೂ ಬೆಚ್ಚಗಾಗುವ ಮೊದಲೇ ಮೇಲಿನ ಹೋಸ್ ಕಲ್ಲಿನಂತಾದರೆ, ಸಿಲಿಂಡರಿನ ಅನಿಲ ನೀರಿಗೆ ನುಗ್ಗುತ್ತಿದೆ. ರೇಡಿಯೇಟರಿನ ಬಾಯಿಗೆ ಹಿಡಿಯುವ ನೀಲಿ ದ್ರಾವಣದ ಪರೀಕ್ಷಾ ನಳಿಕೆ ಸಿಕ್ಕರೆ ಇನ್ನೂ ಒಳ್ಳೆಯದು. ಇಂಗಾಲದ ಡೈಆಕ್ಸೈಡ್ ತಾಗಿದೊಡನೆ ದ್ರಾವಣ ಹಳದಿಯಾಗುತ್ತದೆ. ಪಕ್ಕಪಕ್ಕದ ಎರಡು ಸಿಲಿಂಡರುಗಳ ಕಂಪ್ರೆಷನ್ ಒಟ್ಟಿಗೆ ಕುಸಿದಿದ್ದರೆ ಗ್ಯಾಸ್ಕೆಟ್ ಅವುಗಳ ನಡುವೆ ಸೀಳಿದೆ. ಎಣ್ಣೆ ಮುಚ್ಚಳದ ಒಳಗೆ ಕಾಣುವ ಹಾಲಿನಂಥ ಜಿಡ್ಡನ್ನು ಮಾತ್ರ ನಂಬಿ ಹೆಡ್ ಇಳಿಸಬೇಡಿ. ಚಿಕ್ಕಚಿಕ್ಕ ದೂರ ಮಾತ್ರ ಓಡುವ ಕಾರಿನಲ್ಲಿ ಮಳೆಗಾಲದ ತೇವವೂ ಅದನ್ನು ಉಂಟುಮಾಡುತ್ತದೆ. ಹೆಡ್ ಇಳಿಸಿದರೆ ನೇರಪಟ್ಟಿಯನ್ನೂ ಫೀಲರ್ ಗೇಜನ್ನೂ ಇಟ್ಟು ನೋಡಿ, ಸೊಟ್ಟಗಾಗಿದ್ದರೆ ಫೇಸಿಂಗ್ (ಮೇಲ್ಮೈಯನ್ನು ಕೆತ್ತಿ ಸಮ ಮಾಡುವುದು) ಮಾಡಿಸದೆ ಹೊಸ ಗ್ಯಾಸ್ಕೆಟ್ ಹಾಕುವುದು ದುಡ್ಡು ದಂಡ.

ದೋಷ ಯಾವುದೇ ಆಗಿರಲಿ, ದುರಸ್ತಿಯ ನಂತರ ತುಂಬಬೇಕಾದದ್ದು ಡಿಸ್ಟಿಲ್ಡ್ ನೀರು ಮತ್ತು ಕೂಲಂಟ್. ಹೆಪ್ಪುಗಟ್ಟುವ ಚಳಿ ನಮ್ಮಲ್ಲಿಲ್ಲ ನಿಜ. ಕೂಲಂಟ್ ಬೇಕಾಗಿರುವುದು ಅದರಲ್ಲಿನ ತುಕ್ಕುನಿರೋಧಕಗಳಿಗಾಗಿ, ಬೀಡು, ಅಲ್ಯೂಮಿನಿಯಂ, ಹಿತ್ತಾಳೆ ಮೂರೂ ಒಂದೇ ನೀರಿನಲ್ಲಿ ಮುಳುಗಿರುವ ಇಂಜಿನ್ನಿಗೆ ಅವು ಅನಿವಾರ್ಯ. ಆದರೆ ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂಬುದು ಸರಿಯಲ್ಲ, ಏಕೆಂದರೆ ಕೂಲಂಟಿನಲ್ಲಿರುವ ಗ್ಲೈಕಾಲ್ ಬೆರೆತಂತೆ ನೀರಿನ ಶಾಖ ಹೊರುವ ಸಾಮರ್ಥ್ಯ ಇಳಿಯುತ್ತದೆ. ತಯಾರಕರು ಹೇಳಿದ ಪ್ರಮಾಣವನ್ನು ಮೀರಬಾರದು. ತುಂಬುವಾಗ ಕಾರಿನ ಮುಂಭಾಗ ಸ್ವಲ್ಪ ಎತ್ತರದಲ್ಲಿರುವಂತೆ ನಿಲ್ಲಿಸಿ, ಕ್ಯಾಪ್ ತೆರೆದೇ ಇಂಜಿನ್ ಓಡಿಸಿ, ಥರ್ಮೋಸ್ಟಾಟ್ ತೆರೆದು ನೀರಿನ ಮಟ್ಟ ಒಮ್ಮೆಗೇ ಇಳಿದಾಗ ಮತ್ತೆ ತುಂಬಿದರೆ ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. ಮಾರನೆಯ ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿರುವಾಗ, ಮಟ್ಟವನ್ನು ಇನ್ನೊಮ್ಮೆ ನೋಡಿ ಗುರುತು ಹಾಕಿಕೊಳ್ಳಿ. ಹೊರಗೆಲ್ಲೂ ತೊಟ್ಟಿಕ್ಕದೆ ಆ ಗುರುತು ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಮತ್ತೆ ಹೆಡ್ ಗ್ಯಾಸ್ಕೆಟಿನ ಪರೀಕ್ಷೆಯಿಂದ ಆರಂಭಿಸಬೇಕು.